ಜೀರ್ಣೋದ್ಧಾರದ ಧರ್ಮ

ಹೊಸ ಗುಡಿಯನ್ನು ಕಟ್ಟಿದವನಿಗೆ ಹಳೆಯ ಗುಡಿಯ ಸೋರುವ ಮಾಳಿಗೆಯ ಚಿಂತೆ ಇರಬೇಕೆ? ಗಣಕಯಂತ್ರಗಳ ತಂತ್ರಾಂಶವನ್ನು ರಚಿಸುವವರಿಗೆ ಈ ಪ್ರಶ್ನೆಯು ನಿತ್ಯವೂ ಎದುರಾಗುತ್ತದೆ. ಹೊಸ ಆವೃತ್ತಿಯಲ್ಲಿ ಒಂದು ದೋಷವನ್ನು ಕಂಡು ತಿದ್ದುತ್ತಾರೆ. ಅದೇ ದೋಷವು ಹಳೆಯದರಲ್ಲಿಯೂ ಅಡಗಿದೆ. ಅದನ್ನೂ ತಿದ್ದತಕ್ಕದ್ದೋ, ಹೊಸದಕ್ಕೆ ಬನ್ನಿರೆಂದು ಹೇಳಿ ಸುಮ್ಮನಿರತಕ್ಕದ್ದೋ?

ಸುಮ್ಮನಿರಬೇಕೆಂಬ ಪೂರ್ವಪಕ್ಷವು ದುರ್ಬಲವಲ್ಲ. ಕೆಲಸಗಾರರ ಕಾಲವು ಮಿತವಾದುದು. ಹಳೆಯ ಗೋಡೆಯ ಒಂದು ಕಲ್ಲನ್ನು ಕೀಳಹೋದರೆ ಗಟ್ಟಿಯಾಗಿದ್ದ ಮತ್ತೊಂದು ಸಡಿಲವಾದೀತು. ಹಳೆಯದಕ್ಕೆ ಎಂದೆಂದಿಗೂ ತೇಪೆ ಹಾಕುತ್ತಿದ್ದರೆ ಜನರು ಅದನ್ನು ಬಿಡುವುದಾದರೂ ಎಂದು?

ಆದರೆ ಹಳೆಯದರಲ್ಲಿ ಉಳಿದವರೆಲ್ಲರೂ ಸೋಮಾರಿಗಳಲ್ಲ. ಹೊಸ ಆವೃತ್ತಿಯು ಹೊಸ ಯಂತ್ರವನ್ನು ಬೇಡುತ್ತದೆ. ಯಂತ್ರವು ಹಣವನ್ನು ಬೇಡುತ್ತದೆ. ನಮ್ಮ ಸಿಂಧನೂರಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ನೀರು ತುಂಬಿ ಹರಿದ ಮಾತ್ರಕ್ಕೆ ಕೆಳಭಾಗದ ರೈತನ ಗದ್ದೆ ನೆನೆಯುವುದಿಲ್ಲ.

2001ರಲ್ಲಿ ಹೊರಬಂದ ವಿಂಡೋಸ್ ಎಕ್ಸ್‌ಪಿಯ ಪೋಷಣೆಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2014ರ ಏಪ್ರಿಲ್ 8ರಂದು ನಿಲ್ಲಿಸಿತು. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಲೋಕದಲ್ಲೆಲ್ಲ ಹಬ್ಬಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿಯೂ ರೋಗಿಗಳ ಸರದಿ ತಪ್ಪಿತು. ಆಗ ಸಂಸ್ಥೆಯು ತಾನೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ತಿದ್ದುಪಡಿಯನ್ನು ಕೊಟ್ಟಿತು. ಇನ್ನೊಂದು ಮಾತನ್ನೂ ಮರೆಯಬಾರದು: ಪೋಷಣೆಯಲ್ಲಿದ್ದ ಆವೃತ್ತಿಗಳಿಗೆ ಮಾರ್ಚ್ ತಿಂಗಳಲ್ಲಿಯೇ ಮದ್ದು ದೊರೆತಿದ್ದರೂ ಅದನ್ನು ಸೇವಿಸದೆ ಕೆಟ್ಟವರು ಬಹಳ ಮಂದಿ. ಧರ್ಮವು ಕೊಡುವವನಿಗೂ ಉಂಟು, ಕೊಳ್ಳುವವನಿಗೂ ಉಂಟು.

ಹಾಗಾದರೆ ಸಿದ್ಧಾಂತವೇನು? ಹಾನಿಯನ್ನು ತರುವ ದೋಷವನ್ನು ಮಾತಿತ್ತ ಅವಧಿಯವರೆಗೆ ಹಳೆಯದರಲ್ಲಿಯೂ ತಿದ್ದಲೇಬೇಕು. ಆ ದೋಷವು ರಚಿಸಿದವನದೇ ಹೊರತು ಬಳಸುವವನದಲ್ಲ. ಹೊಸ ಸೊಗಸುಗಳನ್ನು ಹಳೆಯದಕ್ಕೆ ತುರುಕಬೇಕಾಗಿಲ್ಲ. ಅವಧಿಯು ಮುಗಿಯುವ ದಿನವನ್ನು ಮೊದಲೇ ಸಾರತಕ್ಕದ್ದು. ಅವಧಿ ಮುಗಿದ ಮೇಲೂ ಪ್ರಾಣಕ್ಕೆ ಕುತ್ತು ಬಂದರೆ ಲೆಕ್ಕಪತ್ರವನ್ನು ಮುಚ್ಚಿಟ್ಟು ಕೈನೀಡುವುದೇ ಮನುಷ್ಯತ್ವ. ಲಿನಕ್ಸ್ ಪಂಥದವರಲ್ಲಿ ಒಂದು ಒಳ್ಳೆಯ ನಿಯಮವಿದೆ: ತಿದ್ದುಪಡಿಯು ಮೊದಲು ಮುಖ್ಯಧಾರೆಗೆ ಸೇರಬೇಕು, ಅನಂತರವೇ ಹಳೆಯ ಆವೃತ್ತಿಗೆ ಇಳಿಯಬೇಕು, ಅದು ಚಿಕ್ಕದೂ ಪರೀಕ್ಷಿತವೂ ಆಗಿರಬೇಕು. ಇಲ್ಲವಾದರೆ ಹಳೆಯದನ್ನು ಬಿಟ್ಟು ಬಂದವನಿಗೆ ಹೊಸದರಲ್ಲಿ ಅದೇ ದೋಷವು ಮತ್ತೆ ಎದುರಾದೀತು.

ಕಾತ್ಯಾಯನನು ಪಾಣಿನಿಯ ಸೂತ್ರಗಳನ್ನು ತೊರೆಯಿರೆಂದು ಹೇಳಲಿಲ್ಲ. ಕೊರತೆ ಕಂಡಲ್ಲಿ ವಾರ್ತಿಕವನ್ನು ಸೇರಿಸಿದನು. ಸೂತ್ರವೂ ಉಳಿಯಿತು, ಓದುವವನೂ ಉಳಿದನು. ಹೊಸದನ್ನು ಕಟ್ಟುವುದು ಜಾಣತನ. ಹಿಂದೆ ಉಳಿದವನನ್ನು ನೆನೆಯುವುದು ಧರ್ಮ.