ಎರಡು ಸಾಲಿನ ಕನಸು ಯಾರದ್ದು?

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಒಂದು ಕೆಲಸ ಹಚ್ಚಿದರು. ತುಬಚಿ ಮತ್ತು ಸುತ್ತಲಿನ ಊರುಗಳ ಒಂದಿಷ್ಟು ರೈತರು ಸೇರಿ ರೈತ ಉತ್ಪಾದಕ ಕಂಪನಿ ಕಟ್ಟಲು ಹೊರಟಿದ್ದರು. ಅರ್ಜಿ, ಲೆಕ್ಕಪತ್ರ, ಯೋಜನಾ ವರದಿ ಎಲ್ಲ ತಯಾರಾಗಿದ್ದವು. ವರದಿಯ ಮೊದಲ ಪುಟದಲ್ಲಿ 'ವಿಷನ್' ಎಂಬ ಖಾನೆಯೊಂದು ಮಾತ್ರ ಖಾಲಿ ಉಳಿದಿತ್ತು. "ನೀ ಪಿಎಚ್‌ಡಿ ಮಾಡಾಕಿ, ಎರಡ ಸಾಲ ಚಂದಂಗ ಬರದ ಕೊಡವಾ. ಓದಿದವ್ರಿಗೆ ಹುರುಪು ಬರಬೇಕ ನೋಡು" ಅಂದರು.

ಹತ್ತು ನಿಮಿಷದಲ್ಲಿ ಬರೆದೆ: 'ಸುಸ್ಥಿರ ಕೃಷಿ ಮತ್ತು ನಾವೀನ್ಯದ ಮೂಲಕ ಸಬಲ, ಸ್ವಾವಲಂಬಿ, ಸಮೃದ್ಧ ರೈತ ಸಮುದಾಯದ ನಿರ್ಮಾಣ.' ಇಂಥ ವಾಕ್ಯ ಬರೆಯಲು ಹತ್ತು ನಿಮಿಷವೂ ಹೆಚ್ಚೇ. ನ್ಯಾಕ್ ತಂಡ ಬರುವ ವಾರ ಕಾಲೇಜುಗಳ ಗೋಡೆಯ ಮೇಲೆ ಇದೇ ವಾಕ್ಯ ಬಣ್ಣ ಬಳಿದುಕೊಂಡು ನಿಲ್ಲುವುದನ್ನು ನೋಡುತ್ತಲೇ ನಾವೆಲ್ಲ ಓದಿದವರು. 'ರೈತ' ಇದ್ದಲ್ಲಿ 'ವಿದ್ಯಾರ್ಥಿ' ಎಂದಿರುತ್ತದೆ, ಅಷ್ಟೇ.

ಕಾಕಾ ಎರಡು ಸಲ ಓದಿದರು. "ಚಂದ ಐತಿ. ಆದರ ಇದು ತುಬಚಿದು ಅಂತ ಹೆಂಗ ತಿಳೀಬೇಕು? ಮುಧೋಳದವ್ರು ಕೇಳಿದ್ರ ಅವ್ರಿಗೂ ಇದನ್ನ ಕೊಡಬೌದಲ್ಲ?" ಕೊಂಕಿನ ಮಾತಲ್ಲ ಅದು. ನಿಜವಾಗಿ ಕೇಳುತ್ತಿದ್ದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ವಾಕ್ಯವನ್ನು ತಿರುವಿ ಹಾಕಿ ನೋಡಿದೆ. ದುರ್ಬಲ, ಪರಾವಲಂಬಿ, ಬಡ ರೈತ ಸಮುದಾಯ ಬೇಕು ಎನ್ನುವ ಸಂಸ್ಥೆ ಎಲ್ಲಾದರೂ ಇದೆಯೇ? ಯಾರೂ ಅಲ್ಲಗಳೆಯಲಾಗದ ಮಾತನ್ನು ಹಿಡಿದು ಯಾರನ್ನೂ ಕೇಳುವಂತಿಲ್ಲ. ಐದು ವರ್ಷ ಬಿಟ್ಟು 'ಯಾಕೆ ಆಗಲಿಲ್ಲ?' ಎಂದರೆ, 'ಆಗುತ್ತಲೇ ಇದೆಯಲ್ಲ' ಎನ್ನಬಹುದು. ಭವಿಷ್ಯದ ಹೆಸರಿನಲ್ಲಿ ಮಾತಾಡುವವರು ಸೋಲಲಾರದ ಮಾತನ್ನೇ ಆರಿಸಿಕೊಂಡರೆ ಅದು ಸುಳ್ಳೇನೂ ಅಲ್ಲ. ಸುಳ್ಳಲ್ಲದ ಮಾತೆಲ್ಲ ಪ್ರಾಮಾಣಿಕವೇ ಎಂಬುದು ನನ್ನನ್ನು ಕಾಡಿದ ಪ್ರಶ್ನೆ.

ಹುರುಪು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ನಮಗೆ ಮ್ಯಾನೇಜ್‌ಮೆಂಟ್ ಪುಸ್ತಕ ಬೇಕಿಲ್ಲ. ನಮ್ಮದೇ ಜಮಖಂಡಿ ತಾಲ್ಲೂಕಿನಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಇದೆ. ಮಳೆಗಾಲದಲ್ಲಿ ದಂಡೆ ಮೀರಿ ಹರಿಯುವ ಕೃಷ್ಣೆ ಬೇಸಿಗೆಗೆ ಬತ್ತಿ ಹೋಗುತ್ತಿದ್ದ ಕಾಲ ಅದು. ಸರ್ಕಾರದ ದಾರಿ ಕಾದು ಸಾಕಾದ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರ ರೈತ ಸಂಘ ಕಟ್ಟಿಕೊಂಡು, ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ನದಿಗೆ ಅಡ್ಡಗಟ್ಟೆ ಕಟ್ಟಿದರು. ಆಮೇಲೆ ಅವರನ್ನು 'ಬ್ಯಾರೇಜ್ ಸಿದ್ದು' ಎಂದೇ ಜನ ಕರೆದರು. 1991ರಲ್ಲಿ ಬಾಗಲಕೋಟೆ ಲೋಕಸಭಾ ಕ್ಷೇತ್ರದಲ್ಲಿ ಅವರು ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿದ್ದು ಈಗ ದಂತಕಥೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಟ್ಟೆಯ ಹೆಸರು: ಶ್ರಮಬಿಂದು ಸಾಗರ. ಸಮೃದ್ಧಿ ಸಾಗರ ಎಂದಿಡಬಹುದಿತ್ತು, ಇಡಲಿಲ್ಲ. ಬರಲಿರುವ ನೀರಿನ ಜೊತೆಗೆ ಅದಕ್ಕೆ ತೆರಬೇಕಾದ ಬೆಲೆಯೂ ಹೆಸರಿನಲ್ಲೇ ಇದೆ, ಆ ಬೆಲೆ ತಮ್ಮದೇ ಬೆವರು ಎಂಬುದೂ ಇದೆ. ಜೊತೆಗೆ, ಅದು ಸೋಲಬಹುದಾದ ಕನಸಾಗಿತ್ತು. ಗೋಡೆ ನಿಲ್ಲದಿದ್ದರೆ ಇಡೀ ತಾಲ್ಲೂಕು ದಂಡೆಗೆ ಬಂದು ನೋಡಿ ನಗುತ್ತಿತ್ತು.

ಅದೇ ನದಿಯ ಕೆಳಗೆ ಇನ್ನೊಂದು, ಇನ್ನೂ ದೊಡ್ಡ ಕನಸಿದೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ. ಉತ್ತರ ಕರ್ನಾಟಕದ ಒಣ ನೆಲಕ್ಕೆ ಅದು ಬೇಕೇ ಇತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಹಿನ್ನೀರು ಏರಿದಾಗ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು, ನವನಗರ ಎದ್ದಿತು. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ಬಂದಾಗಲೆಲ್ಲ ದಂಡೆಯ ಊರುಗಳು ಮತ್ತೆ ತಮ್ಮ ಮನೆ, ಹೊಲ ಎಣಿಸಿಕೊಳ್ಳುತ್ತವೆ. ನಾಡಿನ ಕನಸಿನಲ್ಲಿ 'ನಾವು' ಎಂದಾಗ ಇವರೂ ಸೇರಿದ್ದರು. ಬೆಲೆ ತೆರುವ ಹೊತ್ತಿಗೆ 'ಅವರು' ಆದರು.

ಹಾಗೆಂದು ಚಿಕ್ಕಪಡಸಲಗಿಯನ್ನು ಪೂರ್ತಿ ಪುಣ್ಯಕ್ಷೇತ್ರ ಮಾಡಲಾರೆ. ನೀರು ಬಂತು, ಕಬ್ಬು ಬಂತು. ನೆಲ ಇದ್ದವರ ಬದುಕು ಮೊದಲು ಹಸನಾಯಿತು. ನೆಲ ಇಲ್ಲದವರಿಗೆ ಕೂಲಿ ಬಂತು. ಇವತ್ತು ನಮ್ಮ ಭಾಗದ ಕಬ್ಬು ಕಡಿಯಲು ಗ್ಯಾಂಗುಗಳು ಬರುತ್ತವೆ, ಮಹಾರಾಷ್ಟ್ರದ ಬೀಡ ಕಡೆಯಿಂದಲೂ. ಹೊಲದ ಬದುವಿನಲ್ಲಿ ಗುಡಿಸಲು, ರವದಿಯ ಮೇಲೆ ಮಲಗಿದ ಕೂಸು. ಕಾಕಾ ಕಟ್ಟಲು ಹೊರಟ ಕಂಪನಿಯಲ್ಲಿ, ಕಾನೂನಿನ ಪ್ರಕಾರ, ಉತ್ಪಾದಕರು ಮಾತ್ರ ಸದಸ್ಯರು. ಕಡಿದು ಕಟ್ಟಿ ಲಾರಿಗೆ ಹೇರುವವಳ ಹೆಸರಿಗೆ ಅಲ್ಲಿ ಜಾಗವಿಲ್ಲ. ಹಾಗಿದ್ದರೆ 'ಸಮೃದ್ಧ ರೈತ ಸಮುದಾಯ' ಎಂದು ನಾನು ಯಾರ ಪರವಾಗಿ ಬರೆದೆ?

ಸಂವಿಧಾನದ ಪೀಠಿಕೆಯೂ 'ನಾವು' ಎಂದೇ ಶುರುವಾಗುತ್ತದೆ. ನಮ್ಮ ದೇಶದಲ್ಲಿ ಅದಕ್ಕಿಂತ ದೊಡ್ಡ ಮುನ್ನೋಟ ಬರೆದವರಿಲ್ಲ. ಆದರೆ ಅದನ್ನು ಅಂಗೀಕರಿಸುವ ಹಿಂದಿನ ದಿನ, 1949ರ ನವೆಂಬರ್ 25ರಂದು, ಅಂಬೇಡ್ಕರ್ ಸಭೆಯಲ್ಲಿ ಎದ್ದು ಹೇಳಿದ್ದು ಸಂಭ್ರಮದ ಮಾತಲ್ಲ. ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುವ ವೈರುಧ್ಯದೊಳಗೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ತಾನೇ ಕರಡು ಮಾಡಿದ ಕನಸಿನ ಬಿರುಕನ್ನು ತಾನೇ ತೋರಿಸಿದ ಆ ಮಾತು ನನಗೆ ಯಾವ ಘೋಷಣೆಗಿಂತ ಹೆಚ್ಚು ಹುರುಪು ಕೊಡುತ್ತದೆ. ಯಾಕೆಂದರೆ ಅದನ್ನು ಹಿಡಿದು ಇವತ್ತಿಗೂ ಜನ ಲೆಕ್ಕ ಕೇಳುತ್ತಿದ್ದಾರೆ.

ಮರುದಿನ ಬೇರೆ ಮೂರು ಸಾಲು ಬರೆದೆ: 'ಸವಳು ಹತ್ತಿದ ನಮ್ಮ ನೆಲ ಹತ್ತು ವರ್ಷದೊಳಗೆ ಮತ್ತೆ ಬೆಳೆ ಕೊಡಬೇಕು. ಕಬ್ಬೊಂದನ್ನೇ ನಂಬಿ ಯಾವ ಸದಸ್ಯನೂ ಬದುಕಬೇಕಾಗಬಾರದು. ನಮ್ಮ ಹೊಲದಲ್ಲಿ ದುಡಿದವರಿಗೆ ದುಡಿದ ವಾರವೇ ಕೂಲಿ ಸಿಗಬೇಕು.' ಮೂರನೆಯದನ್ನು ಬರೆಯುವಾಗ ಕೈ ತಡೆಯಿತು. ಕಾರ್ಖಾನೆಯ ಬಿಲ್ಲು ಬರುವ ತನಕ ಕೂಲಿ ತಡ ಮಾಡಿದ್ದು ನಮ್ಮ ಮನೆಯಲ್ಲೂ ನಡೆದದ್ದೇ. ಆ ದುಡ್ಡಿನಲ್ಲೇ ನನ್ನ ಹಾಸ್ಟೆಲ್ ಫೀಸು ಹೋಗಿದೆ.

ಸಂಜೆ ಗುಡಿಯ ಕಟ್ಟೆಯ ಮೇಲೆ ಸಭೆ. ಕಾಕಾ ಗಟ್ಟಿಯಾಗಿ ಓದಿದರು. ಸವಳಿನ ಸಾಲಿಗೆ ಎಲ್ಲರೂ ತಲೆಯಾಡಿಸಿದರು. ಕಬ್ಬಿನ ಸಾಲಿಗೆ ಒಬ್ಬಿಬ್ಬರು ನಕ್ಕರು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು ಹೇಳಿದರು: "ಯವ್ವಾ, ತಪ್ಪೇನಿಲ್ಲ ಇದ್ರಾಗ. ಆದರ ಹಿಂಗ ಬರದು ಗೋಡಿಗೆ ಹಚ್ಚಿದ್ರ, ನಾಳೆ ಆಳು ಬಂದು ಬಟ್ಟು ಮಾಡಿ ತೋರಸ್ತಾವಲ್ಲ?"

"ಹೌದ್ರಿ ಅಜ್ಜಾ, ಅದಕ್ಕ ಬರದೀನಿ" ಅಂದೆ.

ಅವರು ನಕ್ಕರು, ಸಿಟ್ಟಾಗಲಿಲ್ಲ. ಮೂರನೆಯ ಸಾಲಿನ ಮಾತು ಮುಂದಿನ ಸಭೆಗೆ ಇರಲಿ ಎಂದಾಯಿತು. ಅರ್ಜಿಗೆ ಕೊನೆಯ ದಿನ ಹತ್ತಿರವಿದ್ದುದರಿಂದ ಖಾನೆಯಲ್ಲಿ ನನ್ನ ಮೊದಲ ವಾಕ್ಯವನ್ನೇ ತುಂಬಿ ಕಳಿಸಿದರು. ಎರಡನೆಯ ಹಾಳೆಯನ್ನು ಕಾಕಾ ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಈಗ ಫೋನ್ ಮಾಡಿದಾಗಲೆಲ್ಲ ಮುಂದಿನ ಸಭೆ ಯಾವಾಗ ಎಂದು ಕೇಳುತ್ತೇನೆ. ಕಬ್ಬಿನ ಹಂಗಾಮು ಮುಗಿಯಲಿ ಅನ್ನುತ್ತಾರೆ.