ಬಿಜ್ಜಳನ ಒಳಮನಸ್ಸು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ವಾಚಕ ಮಹಾಶಯರೇ, ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ವನ್ನು ಕೈಗೆತ್ತಿಕೊಳ್ಳುವ ಮುನ್ನವೇ ನಾವು ಪಕ್ಷ ಹಿಡಿದಿರುತ್ತೇವೆ. 1964ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕಾದಂಬರಿಯ ಕಲ್ಯಾಣವು ನಮಗೆ ಪರಸ್ಥಳವಲ್ಲ. ಆಳಂದಕ್ಕೆ ಈಶಾನ್ಯದಲ್ಲಿರುವ ಬಸವಕಲ್ಯಾಣವೇ ಅದು. 12ನೆಯ ಶತಮಾನದಲ್ಲಿ ಒಂದೇ ಪಟ್ಟಣದ ಜನ ಇಬ್ಭಾಗವಾದರು. ಹರಳಯ್ಯ, ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾಯಿತೆಂದೂ, ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂದೂ ಪರಂಪರೆ ಹೇಳುತ್ತದೆ. ಮೊದಲನೆಯದಕ್ಕೆ ಕಣ್ಣೀರಿಡುವ ನಾವು ಎರಡನೆಯದನ್ನು ಕುರಿತು ಮೌನವಾಗಿರುವುದೇಕೆ? ದಯೆಯನ್ನು ಬೋಧಿಸಿದವರ ಅನುಯಾಯಿಯು ಖಡ್ಗವೆತ್ತಿದುದು ನ್ಯಾಯವೇ?

ಪುರಾಣಕ್ಕೆ ಅರಸನ ಒಳಮನಸ್ಸಿನ ಹಂಗಿಲ್ಲ. ಕಾದಂಬರಿಕಾರನಿಗೆ ಅದನ್ನು ಹೊಗದೆ ಗತ್ಯಂತರವಿಲ್ಲ. ಇದನ್ನು ಶರಣರಿಗೆ ಬಗೆದ ಅಪಚಾರವೆನ್ನುವವರುಂಟು, ನನಗೆ ಹಾಗೆನಿಸದು. ಎಳೆಹೂಟೆಯ ಕ್ರೌರ್ಯವು ಇದರಿಂದ ಹಗುರಾಗದು. ಆದರೆ ಬಿಜ್ಜಳನ ಮನೆಯಲ್ಲಿಯೂ ಅಂದು ಅತ್ತವರಿರಬೇಕೆಂದು ನೆನೆದ ವಾಚಕನು ಜಗದೇವನ ಕತ್ತಿಗೆ ಜಯಕಾರ ಹಾಕುವ ಮುನ್ನ ಒಂದು ಕ್ಷಣವಾದರೂ ತಡೆಯುವನು.