ಯಾವ ಮಳೆಯ ಹಸಿರು?

ಕನ್ನಡದಲ್ಲಿ ಬಣ್ಣಕ್ಕೆ ಅಷ್ಟು ಒಳ್ಳೆಯ ಹೆಸರಿಲ್ಲ. ನಂಬಬಾರದ ಮಾತು ಬಣ್ಣದ ಮಾತು. ಇಲ್ಲದ್ದನ್ನು ಸೇರಿಸಿ ಹೇಳಿದರೆ ಬಣ್ಣ ಕಟ್ಟಿ ಹೇಳಿದಂತೆ. ಸುಳ್ಳು ಹೊರಬಿದ್ದರೆ ಬಣ್ಣ ಬಯಲಾದಂತೆ. ಹೀಗಿರುವಾಗ ಕ್ಯಾಮೆರಾ ಹಿಡಿದವರೆಲ್ಲ ತಮ್ಮ ಚಿತ್ರ ತೋರಿಸುತ್ತ, “ನಾನೇನೂ ಬಣ್ಣ ಸೇರಿಸಿಲ್ಲ, ಇದ್ದದ್ದು ಇದ್ದ ಹಾಗೇ ಇದೆ” ಎಂದು ಪ್ರಮಾಣ ಮಾಡುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದ್ದದ್ದು ಇದ್ದ ಹಾಗೇ ಇರುವ ಫೋಟೋ ಎಂಬುದು ಉಂಟೇ? ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಹೊಲ, ಕೆರೆ, ಕಾಡಂಚುಗಳ ಚಿತ್ರ ತೆಗೆಯುವುದು ನನ್ನ ಹವ್ಯಾಸ. ರಜಾದಿನಗಳಲ್ಲಿ ಅವುಗಳನ್ನು ಕಂಪ್ಯೂಟರಿನಲ್ಲಿ ತೆರೆದು ಕೂತಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ.

ಕ್ಯಾಮೆರಾದೊಳಗಿನ ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ. ತನ್ನ ಮೇಲೆ ಬಿದ್ದ ಬೆಳಕನ್ನು ಅದು ಎಣಿಸುತ್ತದೆ, ಅಷ್ಟೆ. ಅದರ ಮೇಲೆ ಕೆಂಪು, ಹಸಿರು, ನೀಲಿ ಶೋಧಕಗಳ ಚೌಕುಳಿ ಹಾಸಿರುತ್ತದೆ. ಕೊಡಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಈ ಏರ್ಪಾಡಿನಲ್ಲಿ ನಾಲ್ಕು ಮನೆಗಳಿಗೆ ಎರಡು ಹಸಿರಿನವು. ಪ್ರತಿ ಮನೆಯೂ ಒಂದೇ ಬಣ್ಣವನ್ನು ಅಳೆಯುತ್ತದೆ; ಉಳಿದೆರಡನ್ನು ನೆರೆಮನೆಗಳ ಲೆಕ್ಕದಿಂದ ಊಹಿಸಿ ತುಂಬಬೇಕು. ಈ ಎಣಿಕೆಯ ಪುಸ್ತಕವೇ ರಾ ಫೈಲ್. 14 ಬಿಟ್‌ನ ಫೈಲಿನಲ್ಲಿ ಕತ್ತಲಿನಿಂದ ಬೆಳಕಿನವರೆಗೆ 16,384 ಮೆಟ್ಟಿಲುಗಳಿರುತ್ತವೆ. ಅದನ್ನು ಹಾಗೇ ಪರದೆಗೆ ತಂದರೆ ಕಾಣುವುದು ಮಂಕು ಕವಿದ, ಕಪ್ಪಿಟ್ಟ ಒಂದು ಚಿತ್ರ. ಅಂಥ ಜಗತ್ತನ್ನು ಯಾರ ಕಣ್ಣೂ ಕಂಡಿಲ್ಲ.

ಆದ್ದರಿಂದ ಎರಡು ನಿರ್ಧಾರಗಳು ಆಗಲೇಬೇಕು. ಯಾವ ಎಣಿಕೆಗೆ ಎಷ್ಟು ಹೊಳಪು ಎಂದು ಹೇಳುವ ಗೆರೆ ಟೋನ್ ಕರ್ವ್. ಯಾವ ಎಣಿಕೆಯನ್ನು ಯಾವ ಬಣ್ಣವಾಗಿ ತೋರಿಸಬೇಕೆಂದು ಹೇಳುವ ಕೋಷ್ಟಕ ಕಲರ್ ಪ್ರೊಫೈಲ್. “ನಾನು ರಾ ಮುಟ್ಟುವುದಿಲ್ಲ, ಕ್ಯಾಮೆರಾ ಕೊಟ್ಟದ್ದೇ ಸತ್ಯ” ಎನ್ನುವವರ ಚಿತ್ರದಲ್ಲೂ ಇವೆರಡೂ ಇವೆ. ಜಪಾನಿನ ಯಾವನೋ ಇಂಜಿನಿಯರು ಎಳೆದಿಟ್ಟ ಗೆರೆ ಅದು. ತಾನು ನಿರ್ಧರಿಸದೆ ಇನ್ನೊಬ್ಬನ ನಿರ್ಧಾರಕ್ಕೆ ತಲೆಬಾಗುವುದು ಪ್ರಾಮಾಣಿಕತೆಯಲ್ಲ, ಬರೀ ಅನುಕೂಲ. ಗದ್ದೆಯಿಂದ ಬಂದ ಭತ್ತವನ್ನು ಯಾರೂ ಹಾಗೇ ಬೇಯಿಸಿ ಉಣ್ಣುವುದಿಲ್ಲ, ಮಿಲ್ಲಿಗೆ ಹಾಕಲೇಬೇಕು. ಎಷ್ಟು ಪಾಲಿಶ್ ಎಂಬುದಷ್ಟೇ ಪ್ರಶ್ನೆ.

ನಮ್ಮ ಕಣ್ಣೂ ಒಂದು ಮಿಲ್ಲೇ. ಹುಣಸೆಮರದ ನೆರಳಿನಿಂದ ಬಿಸಿಲಿಗೆ ಕಾಲಿಟ್ಟರೆ ಕ್ಷಣದಲ್ಲಿ ಹೊಂದಿಕೊಳ್ಳುತ್ತದೆ. ಟ್ಯೂಬ್‌ಲೈಟಿನಲ್ಲೂ ಬಿಸಿಲಿನಲ್ಲೂ ಬಿಳಿ ಅಂಗಿಯನ್ನು ಬಿಳಿಯೆಂದೇ ತೋರಿಸುತ್ತದೆ. ಮುಸ್ಸಂಜೆಯಲ್ಲಿ ಗುಲ್‌ಮೊಹರ್‌ನ ಕೆಂಪು ಹೂ ಮೊದಲು ಕಪ್ಪಾಗುತ್ತದೆ, ಎಲೆ ಇನ್ನೂ ಸ್ವಲ್ಪ ಹೊತ್ತು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪುರ್ಕಿನ್ಯೆ ಎಂಬ ವಿಜ್ಞಾನಿ ಗಮನಿಸಿ ಬರೆದ ಸಂಗತಿಯಿದು. ಸೀರೆ ಕೊಳ್ಳುವ ಹೆಂಗಸು ಅದನ್ನು ಅಂಗಡಿಯ ಬಾಗಿಲಿಗೆ ತಂದು ಹಗಲು ಬೆಳಕಿನಲ್ಲಿ ನೋಡದೆ ಒಪ್ಪುವುದಿಲ್ಲ. ಬಣ್ಣವೆಂಬುದು ವಸ್ತುವಿನಲ್ಲಿ ಮಾತ್ರ ಇಲ್ಲ, ಬೆಳಕಿನಲ್ಲೂ ಇದೆ ಎಂಬ ಪಾಠವನ್ನು ಅವಳು ಯಾವ ಶಾಲೆಯಲ್ಲೂ ಕಲಿತಿಲ್ಲ.

ಹಾಗಾದರೆ ಏನು ಮಾಡಿದರೂ ಸರಿಯೇ? ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ. 1990ರಲ್ಲಿ ಬಂದ ಫ್ಯೂಜಿಯವರ ವೆಲ್ವಿಯಾ ಫಿಲ್ಮು ಲೋಕದ ಬೆಟ್ಟಗುಡ್ಡಗಳನ್ನೆಲ್ಲ ಗಾಢ ಹಸಿರಿನಲ್ಲಿ ಅದ್ದಿತು. ಇತ್ತ ಬಣ್ಣವನ್ನೇ ಪೂರ್ತಿ ತೆಗೆದುಹಾಕಿದ ಕಪ್ಪು ಬಿಳುಪಿನ ಚಿತ್ರವನ್ನು ಯಾರೂ ಸುಳ್ಳೆನ್ನಲಿಲ್ಲ. ಕಾರಣ ಸರಳ: ಕಾಡು ಕಪ್ಪು ಬಿಳುಪಾಗಿಲ್ಲ ಎಂದು ನೋಡುವವನಿಗೆ ಗೊತ್ತಿದೆ. ಮೋಸ ಇರುವುದು ಬದಲಾವಣೆಯಲ್ಲಲ್ಲ. ನೋಡುವವನು ಯಾವುದನ್ನು ನಂಬಿ ನೋಡುತ್ತಾನೋ ಅದನ್ನೇ ಅವನಿಗೆ ತಿಳಿಯದಂತೆ ಬದಲಿಸುವುದರಲ್ಲಿ ಇದೆ.

ನಮ್ಮ ಸೀಮೆಯಲ್ಲಿ ಜನ ಬಣ್ಣವನ್ನು ನಂಬಿ ಬದುಕುತ್ತಾರೆ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್‌ಗಳಲ್ಲಿ ಹಸಿರೆಲೆ ಹದವಾದ ಶಾಖದಲ್ಲಿ ಹಳದಿಗೆ ತಿರುಗಬೇಕು. ನಿಂಬೆ ಹಳದಿಯೋ, ಕಿತ್ತಳೆಯೋ, ಕಂದೋ ಎಂಬುದರ ಮೇಲೆ ದರ್ಜೆ. ದರ್ಜೆಯ ಮೇಲೆ ಹರಾಜು ಕಟ್ಟೆಯ ಬೆಲೆ. ಕೆ.ಆರ್. ನಗರದ ಗದ್ದೆಗಳಲ್ಲೂ ಹಾಗೆಯೇ. ಫಿಲಿಪೈನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಎಲೆಬಣ್ಣದ ಒಂದು ಪಟ್ಟಿ ಮಾಡಿದ್ದಾರೆ. ತಿಳಿ ಹಸಿರಿನಿಂದ ಕಡು ಹಸಿರಿನವರೆಗೆ ನಾಲ್ಕು ಮನೆ. ಭತ್ತದ ಗರಿಯನ್ನು ಅದರ ಮೇಲಿಟ್ಟು ನೋಡಿ, ಸಾರಜನಕ ಸಾಲದೋ ಸಾಕೋ ಎಂದು ತಿಳಿಯಬಹುದು. ಹಳಬರಿಗೆ ಆ ಪಟ್ಟಿ ಕಣ್ಣಲ್ಲೇ ಇರುತ್ತದೆ.

ಚುಂಚನಕಟ್ಟೆ ರಸ್ತೆಯ ಒಂದು ಗದ್ದೆಯ ಚಿತ್ರವನ್ನು ಎರಡು ಪ್ರೊಫೈಲಿನಲ್ಲಿ ಮಾಡಿ, ಪರಿಚಯದ ರೈತರೊಬ್ಬರಿಗೆ ಏನೂ ಹೇಳದೆ ತೋರಿಸಿದೆ. ಒಂದು ‘ನ್ಯೂಟ್ರಲ್’, ಇನ್ನೊಂದು ಹಸಿರು ನೀಲಿಗಳನ್ನು ಎತ್ತಿ ತೋರಿಸುವ ‘ಲ್ಯಾಂಡ್‌ಸ್ಕೇಪ್’. ಎರಡನೆಯದನ್ನು ನೋಡಿ ಅವರು, “ಇದ್ಕೆ ಯೂರಿಯಾ ಜಾಸ್ತಿ ಸುರ್ದವ್ರೆ ಟೀಚರಮ್ಮ, ಒಂದ್ ಗಾಳಿ ಬಂದ್ರೆ ಮಲೀಕತದೆ” ಎಂದರು. ಪೇಟೆಯವರು ಮೆಚ್ಚಿ ತಲೆದೂಗುವ ಹಸಿರು ಅವರಿಗೆ ರೋಗದ ಮುನ್ಸೂಚನೆ. ಬಣ್ಣವನ್ನು ಒಂದು ಗೆರೆ ಮೇಲೆತ್ತಿದರೆ ಅಂದ ಮಾತ್ರ ಹೆಚ್ಚುವುದಿಲ್ಲ, ಅರ್ಥವೇ ಬದಲಾಗುತ್ತದೆ.

ಕಬಿನಿಯ ಹಿನ್ನೀರಿಗೆ ಏಪ್ರಿಲ್‌ನಲ್ಲಿ ಹೋಗಿ ನೋಡಿ. 1974ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರಿನಲ್ಲಿ ಮುಳುಗಿ ಸತ್ತ ಮರಗಳು ಇನ್ನೂ ಬೋಳು ಕೊಂಬೆ ಚಾಚಿ ನಿಂತಿವೆ. ನೀರು ಹಿಂದೆ ಸರಿದ ಕಡೆ ತೆಳುವಾದ ಹುಲ್ಲು. ಆಚೆ ಎಲೆ ಉದುರಿಸಿದ ತೇಗದ ಕಂದು. ಆ ಹುಲ್ಲಿಗೂ ನೀರಿಗೂ ಆನೆಗಳು ಗುಂಪುಗುಂಪಾಗಿ ಬರುವುದು ಕಾಡೆಲ್ಲ ಒಣಗಿರುವುದರಿಂದಲೇ. ಕಂದನ್ನು ಹಸಿರಿನತ್ತ ಜರುಗಿಸಿದರೆ ಆನೆ ಅಲ್ಲಿಗೆ ಏಕೆ ಬಂತೆಂಬ ಕಾರಣವೇ ಚಿತ್ರದಿಂದ ಮಾಯವಾಗುತ್ತದೆ. ನಾಗರಹೊಳೆಯಲ್ಲಿ ಹಬ್ಬಿರುವ ಲಂಟಾನವೂ ಹಸಿರೇ. ಅದರ ಕೆಳಗೆ ಹುಲ್ಲು ಚಿಗುರುವುದು ಕಷ್ಟ. ಪ್ರೊಫೈಲಿಗೆ ಲಂಟಾನವೂ ಒಂದೇ, ಹುಲ್ಲೂ ಒಂದೇ. ಎರಡನ್ನೂ ಸಮನಾಗಿ ಸಿಂಗರಿಸುತ್ತದೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ವರ್ಷದ ಹೊಲಗಳ ಚಿತ್ರವೂ ಹಸಿರಾಗಿ ಕಂಡರೆ, ಮುಂದೊಂದು ದಿನ ನಮ್ಮ ಮಕ್ಕಳು ಬರವನ್ನು ಎಲ್ಲಿ ನೋಡಬೇಕು?

ಅಂದ ಬೇಡವೇ ಎಂದು ಕೇಳಬಹುದು. ಬೇಕು. ನೆರಳಿನೊಳಗೆ ಕಣ್ಣು ಕಂಡಿದ್ದ ದನ, ಬೇಲಿ, ಕೂಲಿಯ ಹೆಂಗಸಿನ ಮುಖ ರಾ ಫೈಲಿನಲ್ಲಿ ಕತ್ತಲಲ್ಲಿ ಮುಳುಗಿರುತ್ತದೆ. ಕರ್ವ್‌ನ ಕೆಳತುದಿಯನ್ನು ತುಸು ಎತ್ತಿದರೆ ಅವರು ಹೊರಗೆ ಬರುತ್ತಾರೆ. ಅದು ಅಲಂಕಾರವಲ್ಲ, ನ್ಯಾಯ. ಅಂತರರಾಷ್ಟ್ರೀಯ ಛಾಯಾಚಿತ್ರ ಸ್ಪರ್ಧೆಗಳ ನಿಸರ್ಗ ವಿಭಾಗದಲ್ಲೂ ತಿದ್ದುಪಡಿ ಪೂರ್ತಿ ನಿಷಿದ್ಧವಲ್ಲ. ತಿದ್ದಿದ್ದು ಸಹಜವಾಗಿ ಕಾಣಬೇಕು ಎಂಬುದು ನಿಯಮ. ಆದರೆ ಸಹಜ ಯಾರ ಕಣ್ಣಿಗೆ? ದೂರದ ಬೆಟ್ಟ ನುಣ್ಣಗೆ ಕಾಣುವುದೂ ಸಹಜವೇ. ಬೆಟ್ಟ ಹತ್ತಿ ಸೌದೆ ತರುವವಳಿಗೆ ಅದು ಹಾಗಲ್ಲ.

ಆದ್ದರಿಂದ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ನಮ್ಮ ರೈತರು ಕಾಲವನ್ನು ತಿಂಗಳಿನಿಂದ ಲೆಕ್ಕ ಹಾಕುವುದು ಕಡಿಮೆ, ಮಳೆಯಿಂದ ಹೆಚ್ಚು: ಭರಣಿ, ರೋಹಿಣಿ, ಆರಿದ್ರಾ, ಸ್ವಾತಿ. ಚಿತ್ರವನ್ನು ಆ ಊರಿನವರ ಮುಂದಿಟ್ಟು, ಇದು ಯಾವ ಮಳೆಯಲ್ಲಿ ತೆಗೆದದ್ದು ಎಂದು ಕೇಳಬೇಕು. ಅವರು ಸರಿಯಾಗಿ ಹೇಳಿದರೆ ಕರ್ವ್ ಎಷ್ಟು ಬಾಗಿದ್ದರೂ ಚಿಂತೆಯಿಲ್ಲ. ತಪ್ಪು ಹೇಳಿದರೆ, ಚಿತ್ರ ಎಷ್ಟೇ ಚೆಂದವಿರಲಿ, ಪ್ರೊಫೈಲ್ ಬದಲಿಸಬೇಕು. ರಾ ಫೈಲಿನ ದೊಡ್ಡ ಗುಣವೆಂದರೆ ನಾವು ಎಷ್ಟು ತಿದ್ದಿದರೂ ಮೂಲದ ಎಣಿಕೆ ಅಳಿಯುವುದಿಲ್ಲ. ತಿದ್ದುಪಡಿಗಳು ಬೇರೆಯಾಗಿ ದಾಖಲಾಗಿರುತ್ತವೆ. ನಾಳೆ ಯಾರಾದರೂ ಬಂದು ಕೇಳಿದರೆ ತೆರೆದು ತೋರಿಸಬಹುದು. ನಾವು ಆಡಿದ ಮಾತುಗಳಿಗೆ ಇಂಥ ಮೂಲಪ್ರತಿ ಇರುವುದಿಲ್ಲ.